ಇಸಿಜಿ ನಾರ್ಮಲ್ ಬಂದ ಮೇಲೆ: ಒಬ್ಬ ಡೇರಿ ಕಾರ್ಯದರ್ಶಿಯ ಪ್ರಕರಣ

ಇದು ನನ್ನ ಕ್ಲಿನಿಕ್ಕಿಗೆ ಬಂದ ಒಬ್ಬರ ಪ್ರಕರಣ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಮನೆಯವರ ಕೆಲವು ವಿವರ ಬದಲಾಯಿಸಿದ್ದೇನೆ. ಮಂಜಣ್ಣ ಅನ್ನೋಣ. ವಯಸ್ಸು 41. ಹಾಸನ ಜಿಲ್ಲೆಯ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ನಾನು ಪಕ್ಕದ ಪೇಟೆಯಲ್ಲಿ ಹದಿನೆಂಟು ವರ್ಷದಿಂದ ಕ್ಲಿನಿಕ್ ನಡೆಸುತ್ತಿರುವ ಸಾಮಾನ್ಯ ವೈದ್ಯೆ. ಮನೋವೈದ್ಯೆ ಅಲ್ಲ. ಈ ಪ್ರಕರಣದಲ್ಲಿ ತಪ್ಪು ಮಾಡಿದವರಲ್ಲಿ ನಾನೂ ಒಬ್ಬಳು. ಅದನ್ನು ಮುಚ್ಚಿಟ್ಟರೆ ಇದನ್ನು ಬರೆದೂ ಉಪಯೋಗ ಇಲ್ಲ.

ಡೇರಿ ಕಾರ್ಯದರ್ಶಿ ಅಂದರೆ ಹೊರಗಿನವರಿಗೆ ಸುಲಭದ ಕೆಲಸ ಅನ್ನಿಸಬಹುದು. ಬೆಳಗ್ಗೆ ಐದಕ್ಕೆ ಬಾಗಿಲು ತೆಗೆಯಬೇಕು. ಆರರ ಹೊತ್ತಿಗೆ ಕ್ಯಾನು ಹಿಡಿದ ಜನ ಸಾಲು ನಿಂತಿರುತ್ತಾರೆ. ಹಾಲು ಅಳೆಯಬೇಕು, ಫ್ಯಾಟು ನೋಡಬೇಕು, ನೀರು ಬೆರೆತಿದೆಯಾ ಅಂತ ತೋರಿಸುವ ಡಿಗ್ರಿ ನೋಡಬೇಕು. ಡಿಗ್ರಿ ಕಡಿಮೆ ಬಂತು ಅಂದರೆ ಜಗಳ ಶುರು. "ಏನ್ ನಾವು ನೀರ್ ಹಾಕ್ತೀವಾ?" ಅಂತ ಎಲ್ಲರ ಮುಂದೆ ಕೇಳುತ್ತಾರೆ. ಕೇಳುವವರು ಚಿಕ್ಕಪ್ಪನೋ ಅತ್ತೆಯೋ ಆಗಿರುತ್ತಾರೆ, ತಿರುಗಿಸಿ ಮಾತಾಡುವ ಹಾಗಿಲ್ಲ. ಸಂಜೆ ಮತ್ತೆ ಅದೇ. ಹಬ್ಬ ಇರಲಿ, ಸಾವಿರಲಿ, ರಜೆ ಇಲ್ಲ. ಇದರ ಮೇಲೆ ಮಂಜಣ್ಣ ಭಾವಮೈದುನನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ನಿಂತಿದ್ದರು. ಭಾವಮೈದುನ ಕಂತು ಕಟ್ಟುವುದು ನಿಲ್ಲಿಸಿದ್ದ. ನಾಲ್ಕು ತಿಂಗಳಿಂದ ಇವರೇ ಕಟ್ಟುತ್ತಿದ್ದರು, ಅದೂ ಕೈಸಾಲ ಮಾಡಿ. ಹೆಂಡತಿಗೆ ಹೇಳಿರಲಿಲ್ಲ. ಅವಳ ತಮ್ಮನೇ ಅಲ್ವಾ, ಹೇಳಿದರೆ ಅವಳಿಗೆ ನೋವಾಗುತ್ತೆ ಅಂತ.

2025ರ ಜೂನ್ ಮತ್ತು ಜುಲೈ ತಿಂಗಳನ್ನು ನಮ್ಮ ಜಿಲ್ಲೆಯವರು ಮರೆಯುವುದಿಲ್ಲ. ಟಿವಿ ಹಾಕಿದರೆ ಸಾಕು, ಹಾಸನದಲ್ಲಿ ಹೃದಯಾಘಾತಕ್ಕೆ ಮತ್ತೊಬ್ಬರು ಬಲಿ ಅಂತ ಬರುತ್ತಿತ್ತು. ಚಿಕ್ಕ ವಯಸ್ಸಿನವರ ಫೋಟೋ ತೋರಿಸುತ್ತಿದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಜನ ಸೇರುತ್ತಿದ್ದರು. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗಲೂ ಹೀಗೇ ಆಗಿತ್ತು, ಆದರೆ ಈ ಸಲ ಭಯ ನಮ್ಮ ಬೀದಿಗೇ ಬಂದಿತ್ತು. ಸರ್ಕಾರ ತಜ್ಞರ ಸಮಿತಿ ಮಾಡಿತು. ಸಾವುಗಳು ಅಸಹಜವಾಗಿ ಏರಿಲ್ಲ ಅಂತ ಸಮಿತಿ ಹೇಳಿತು. ಅಷ್ಟು ಹೊತ್ತಿಗೆ ಜನ ತಮ್ಮ ತಮ್ಮ ನಾಡಿ ಹಿಡಿದು ನೋಡಿಕೊಳ್ಳುವುದು ಶುರುವಾಗಿತ್ತು.

ಅದೇ ದಿನಗಳಲ್ಲಿ ಡೇರಿ ಎದುರಿಗಿನ ಗೊಬ್ಬರದ ಅಂಗಡಿಯವನು, ಮಂಜಣ್ಣನ ಜೊತೆ ಒಂದನೇ ಕ್ಲಾಸಿನಿಂದ ಓದಿದ ಗೆಳೆಯ, ಒಂದು ಸಂಜೆ ಎದೆ ಹಿಡಿದುಕೊಂಡು ಕುಸಿದ. ಅವನನ್ನು ವ್ಯಾನಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದ್ದು ಮಂಜಣ್ಣನೇ. ದಾರಿಯಲ್ಲೇ ಪ್ರಾಣ ಹೋಗಿತ್ತು. ಊರಿನವರೆಲ್ಲ "ಧೈರ್ಯ ಅಂದ್ರೆ ಮಂಜಣ್ಣಂದು" ಅಂದರು. ಈ ಗೆಳೆಯನ ವಿಷಯ ನನಗೆ ಗೊತ್ತಾಗಿದ್ದು ಮೂರು ತಿಂಗಳ ಮೇಲೆ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಗೆಳೆಯ ಹೋಗಿ ಎರಡು ವಾರಕ್ಕೆ, ಬೆಳಗಿನ ಹಾಲು ಅಳೆಯುವಾಗ ಮಂಜಣ್ಣನಿಗೆ ಮೊದಲ ಸಲ ಹಾಗಾಯಿತು. ಎದೆ ಡವಡವ, ಉಸಿರು ಕಟ್ಟಿದ ಹಾಗೆ, ಎರಡೂ ಕೈ ಜೋಮು, ತುಟಿ ಮರಗಟ್ಟಿದ ಹಾಗೆ, ಮೈಯೆಲ್ಲ ಬೆವರು. ಸಾಯುತ್ತಿದ್ದೇನೆ ಅಂತ ಅವರಿಗೆ ಖಾತ್ರಿಯಾಗಿತ್ತು. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಸಿಜಿ ನಾರ್ಮಲ್. ನಂಬಿಕೆ ಬರಲಿಲ್ಲ, ದೊಡ್ಡ ಆಸ್ಪತ್ರೆಗೆ ಹೋದರು. ಹೃದಯಕ್ಕೆ ಪೆಟ್ಟು ಬಿದ್ದರೆ ಏರುವ ಟ್ರೋಪೋನಿನ್ ಪರೀಕ್ಷೆ ಮಾಡಿದರು, ಹೃದಯದ ಸ್ಕ್ಯಾನ್ ಆದ ಎಕೋ ಮಾಡಿದರು, ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಎಲ್ಲಾ ನಾರ್ಮಲ್. ಹತ್ತು ದಿನ ಬಿಟ್ಟು ಮತ್ತೆ ಬಂತು. ಇನ್ನೊಂದು ಆಸ್ಪತ್ರೆ. ಹೊಟ್ಟೆಗೆ ಎಂಡೋಸ್ಕೋಪಿ. ಆಗಸ್ಟ್ ಹೊತ್ತಿಗೆ 38 ಸಾವಿರ ಖರ್ಚಾಗಿತ್ತು. ನನ್ನ ಹತ್ತಿರ ಬಂದಾಗ ರಿಪೋರ್ಟುಗಳನ್ನೆಲ್ಲ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದರು. ಒಂದೊಂದೇ ತೆಗೆದು ಟೇಬಲ್ ಮೇಲೆ ಜೋಡಿಸಿದರು.

ನಾನು ಎಲ್ಲಾ ನೋಡಿದೆ. ಥೈರಾಯ್ಡ್ ಮತ್ತು ರಕ್ತದ ಪರೀಕ್ಷೆ ಯಾರೂ ಮಾಡಿಸಿರಲಿಲ್ಲ, ಅದನ್ನು ಮಾಡಿಸಿದೆ. ಥೈರಾಯ್ಡ್ ಜಾಸ್ತಿಯಾದರೂ ರಕ್ತ ಕಮ್ಮಿಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಅದೂ ಸರಿ ಇತ್ತು. ಆಮೇಲೆ ನಾನು ಹೇಳಿದ ಮಾತು ಇದು: "ನಿಮಗೆ ಏನೂ ಇಲ್ಲ ಮಂಜಣ್ಣ. ಬರೀ ಟೆನ್ಷನ್ನು. ಆರಾಮಾಗಿರಿ." ಗ್ಯಾಸಿಗೆ ಒಂದು ಮಾತ್ರೆ ಬರೆದೆ. ನಿದ್ದೆ ಬರಲ್ಲ ಅಂದಿದ್ದಕ್ಕೆ ಅಲ್ಪ್ರಜೋಲಾಮ್ 0.25 ಮಿಲಿಗ್ರಾಂ ಹತ್ತು ದಿನಕ್ಕೆ ಬರೆದೆ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ನಾಲ್ಕು ನಿಮಿಷದಲ್ಲಿ ಮುಗಿಸಿದೆ.

ಆ ಮಾತು ಅವರಿಗೆ ಹೇಗೆ ಕೇಳಿಸಿತು ಅಂತ ಅವರೇ ಆಮೇಲೆ ಹೇಳಿದರು. "ಏನೂ ಇಲ್ಲ ಅಂದ್ರಲ್ಲ ಮೇಡಂ, ಹಂಗಾದ್ರೆ ನಾನು ನಾಟಕ ಆಡ್ತಿದೀನಾ ಅನ್ನಿಸ್ತು. ಇಲ್ಲಾಂದ್ರೆ ಯಾರಿಗೂ ಸಿಗದೇ ಇರೋ ಕಾಯಿಲೆ ಇದೆ." ಎರಡನೆಯದನ್ನೇ ನಂಬಿದರು. ಯಾರಾದರೂ ಅದನ್ನೇ ನಂಬುತ್ತಾರೆ. ಕೈ ಜೋಮು ಹಿಡಿದದ್ದು ಸುಳ್ಳಲ್ಲವಲ್ಲ.

ಮುಂದಿನ ಎರಡು ತಿಂಗಳು ಮನೆಯವರು ತಮಗೆ ತಿಳಿದಿದ್ದೆಲ್ಲ ಮಾಡಿದರು. ತಾಯಿ ದೇವರ ಹತ್ತಿರ ಕೇಳಿಸಿದರು, ತಾಯತ ಕಟ್ಟಿಸಿದರು. ಇದರ ಬಗ್ಗೆ ನನಗೆ ಬೇಸರ ಇಲ್ಲ. ಮಗನ ಜೊತೆ ಆ ದಿನಗಳಲ್ಲಿ ಹೆಚ್ಚು ಹೊತ್ತು ಕೂತಿದ್ದು ಆ ತಾಯಿಯೇ. ಮಂಜಣ್ಣ ಕ್ಯಾನು ಎತ್ತುವುದು ಬಿಟ್ಟರು. ಪೇಟೆ ದಾಟಿ ಬೈಕ್ ಓಡಿಸುವುದು ಬಿಟ್ಟರು, ಆಸ್ಪತ್ರೆ ಇಲ್ಲದ ಊರಿನ ಮದುವೆಗೆ ಹೋಗುವುದು ಬಿಟ್ಟರು. ಬಿಪಿ ಮೆಷಿನ್ ಕೊಂಡರು. ಕೋವಿಡ್ ಕಾಲದಲ್ಲಿ ತಂದಿಟ್ಟ ಬೆರಳಿಗೆ ಹಾಕುವ ಆಕ್ಸಿಮೀಟರ್ ಹೊರಗೆ ತೆಗೆದರು. ನನ್ನ ಹತ್ತು ದಿನದ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ನಿದ್ದೆ ಮಾತ್ರೆ ತರಿಸುತ್ತಲೇ ಇದ್ದರು. ರಾತ್ರಿ ಒಂದಿದ್ದದ್ದು ಎರಡಾಯಿತು, ಬೆಳಗ್ಗೆ ಡೇರಿಗೆ ಹೋಗುವ ಮುಂಚೆ ಇನ್ನೊಂದು ಸೇರಿತು. ಈ ಮಾತ್ರೆಗೆ ಮೈ ಬೇಗ ಒಗ್ಗಿಕೊಳ್ಳುತ್ತದೆ. ತಪ್ಪಿಸಿದರೆ ಭಯ ಮೊದಲಿಗಿಂತ ಜೋರಾಗಿ ಬರುತ್ತದೆ. ಅದೂ ಹೃದಯದ ಕಾಯಿಲೆಯೇ ಅಂತ ಅವರು ತಿಳಿದರು.

ಅಕ್ಟೋಬರಿನ ಒಂದು ಬೆಳಗ್ಗೆ ಅವರನ್ನು ಇಬ್ಬರು ಹಿಡಿದುಕೊಂಡು ಕ್ಲಿನಿಕ್ಕಿಗೆ ಕರೆತಂದರು. ಹುಬ್ಬು ಒಡೆದು ರಕ್ತ ಸುರಿಯುತ್ತಿತ್ತು. ಎದೆನೋವು ಬಂದರೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟುಕೊಳ್ಳಿ, ಜೀವ ಉಳಿಯುತ್ತೆ ಅನ್ನುವ ವಾಟ್ಸಾಪ್ ಮೆಸೇಜ್ ನೋಡಿ, ಆ ಮಾತ್ರೆಯನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಅವತ್ತು ಇಟ್ಟುಕೊಂಡರು. ಆ ಮಾತ್ರೆ ರಕ್ತನಾಳ ಹಿಗ್ಗಿಸಿ ಬಿಪಿ ಇಳಿಸುತ್ತದೆ. ಹೃದಯ ನೆಟ್ಟಗಿದ್ದ ಮನುಷ್ಯ ಬಿಪಿ ಇಳಿದು ತಲೆ ಸುತ್ತಿ ಕ್ಯಾನಿನ ಮೇಲೆ ಬಿದ್ದಿದ್ದರು.

ನಾಲ್ಕು ಹೊಲಿಗೆ ಹಾಕಿದೆ. ಹಾಕುವಾಗ ಅವರ ಶರ್ಟಿನ ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ಕೆಳಗೆ ಬಿತ್ತು. ಡೇರಿಯಲ್ಲಿ ಹಾಲಿನ ಲೆಕ್ಕ ಬರೆಯುವಂಥದ್ದೇ. ತೆಗೆದು ನೋಡಿದೆ. ಎಡಗಡೆ ಗಂಟೆ, ಬಲಗಡೆ ಬಿಪಿ, ಅದರ ಪಕ್ಕ ನಾಡಿ. ಬೆಳಗ್ಗೆ 4:40ಕ್ಕೆ 158/98. 4:44ಕ್ಕೆ 162/98. 4:47ಕ್ಕೆ 164/100. 4:52ಕ್ಕೆ ಮತ್ತೆ. ಹನ್ನೆರಡು ನಿಮಿಷದಲ್ಲಿ ನಾಲ್ಕು ಸಲ. ಅಕ್ಷರ ಮುದ್ದಾಗಿತ್ತು, ಕಾಲಂ ಗೆರೆ ಸ್ಕೇಲ್ ಇಟ್ಟು ಎಳೆದಿದ್ದರು. ಪುಟ ತಿರುಗಿಸುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ರತಿ ತಿಂಗಳು ಮೂರು, ನಾಲ್ಕು, ಐದನೇ ತಾರೀಕು ನಂಬರು ಏರುತ್ತಿತ್ತು. ಹತ್ತರ ಮೇಲೆ ಇಳಿಯುತ್ತಿತ್ತು.

"ಐದನೇ ತಾರೀಕು ಏನಿರುತ್ತೆ ಮಂಜಣ್ಣ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಂತು" ಅಂದರು.

ಅವತ್ತು ಅವರನ್ನು ಕಳಿಸಿ, ಭಾನುವಾರ ಮಧ್ಯಾಹ್ನ ಕ್ಲಿನಿಕ್ ಮುಚ್ಚಿದ ಮೇಲೆ ಬನ್ನಿ ಅಂದೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಳ್ಳೆಯ ನಿರ್ಧಾರ ಇದೇ ಅನ್ನಿಸುತ್ತೆ. ಮುಕ್ಕಾಲು ಗಂಟೆ ಕೂತೆವು. ಜಾಮೀನಿನ ವಿಷಯ ಬಂತು, ಆಮೇಲೆ ಗೆಳೆಯನ ವಿಷಯ. ವ್ಯಾನ್ ಓಡಿಸುವಾಗ ಹಿಂದಿನ ಸೀಟಿನಿಂದ ಅವನ ಉಸಿರಿನ ಸದ್ದು ಕೇಳುತ್ತಿತ್ತಂತೆ. ಒಂದು ತಿರುವಿನಲ್ಲಿ ನಿಂತುಹೋಯಿತು. ನಿಂತಿದ್ದು ಗೊತ್ತಾದರೂ ಗಾಡಿ ನಿಲ್ಲಿಸಲಿಲ್ಲ, ತಿರುಗಿ ನೋಡಲಿಲ್ಲ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಆಮೇಲೆ ನಾನು ಒಂದು ಪ್ರಯೋಗ ಮಾಡಿದೆ. ಇದನ್ನು ಯಾರೂ ಮನೆಯಲ್ಲಿ ಮಾಡಬೇಡಿ. ಹೃದಯ, ಶ್ವಾಸಕೋಶ ಎಲ್ಲಾ ಸರಿ ಇದೆ ಅಂತ ಗೊತ್ತಿದ್ದಕ್ಕೆ ಮಾಡಿದೆ. "ನನ್ನ ಜೊತೆ ಒಂದು ನಿಮಿಷ ಜೋರಾಗಿ ಉಸಿರಾಡಿ" ಅಂದೆ. ಇಬ್ಬರೂ ನಾಯಿ ತೇಕಿದ ಹಾಗೆ ಉಸಿರಾಡಿದೆವು. ನಲವತ್ತು ಸೆಕೆಂಡಿಗೆ ಅವರ ಬೆರಳು ಸೆಟೆದುಕೊಂಡವು. ಕಣ್ಣು ದೊಡ್ಡದಾಯಿತು. "ಇದೇ ಮೇಡಂ. ಇದೇ ಬರೋದು" ಅಂದರು. ನಿಧಾನವಾಗಿ ಉಸಿರು ಬಿಡಿಸಿದೆ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಮೂರು ನಿಮಿಷಕ್ಕೆ ಬೆರಳು ಸಡಿಲವಾದವು. ತಮ್ಮ ಕೈಯನ್ನು ತಾವೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಆಗ ವಿವರಿಸಿದೆ. ಹೊಲದಲ್ಲಿ ಹಾವು ಕಂಡರೆ ಏನಾಗುತ್ತೆ? ಎದೆ ಝಲ್ ಅನ್ನುತ್ತೆ. ಮಿದುಳು ಯೋಚನೆ ಮಾಡುತ್ತಾ ಕೂರುವುದಿಲ್ಲ. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಸೂಚನೆ ಹೋಗುತ್ತೆ, ಅಡ್ರಿನಲಿನ್ ರಕ್ತಕ್ಕೆ ಸೇರುತ್ತೆ. ಓಡುವುದಕ್ಕೆ ಕಾಲಿಗೆ ರಕ್ತ ಬೇಕು, ಅದಕ್ಕೆ ಹೃದಯ ಜೋರಾಗಿ ಹೊಡೆಯುತ್ತೆ, ಬಿಪಿ ಏರುತ್ತೆ, ಉಸಿರು ಜಾಸ್ತಿಯಾಗುತ್ತೆ. ಹೊಟ್ಟೆಯ ಕೆಲಸ ಹಿಂದಕ್ಕೆ ಬೀಳುತ್ತೆ, ಅದಕ್ಕೇ ಹೊಟ್ಟೆ ತೊಳಸುವುದು, ಭೇದಿ ಬರುವ ಹಾಗಾಗುವುದು. ಹಾವು ಹೋದರೆ ಎಲ್ಲಾ ಇಳಿಯಬೇಕು. ಆದರೆ ಹಾವು ಕಂತಿನ ರೂಪದಲ್ಲಿ ತಿಂಗಳಾ ತಿಂಗಳಾ ಬಂದರೆ? ಇಳಿಯುವುದಕ್ಕೆ ಸಮಯವೇ ಸಿಗುವುದಿಲ್ಲ. ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನು ಏರಿಯೇ ಇದ್ದರೆ ನಿದ್ದೆ ಕೆಡುತ್ತೆ, ಸಕ್ಕರೆ ಏರುತ್ತೆ. ಕುತ್ತಿಗೆ, ಎದೆಯ ಸ್ನಾಯುಗಳು ಬಿಗಿದುಕೊಂಡೇ ಇದ್ದರೆ ನೋಯುತ್ತವೆ. ಆ ನೋವನ್ನೇ ಹೃದಯದ ನೋವು ಅಂದುಕೊಂಡರೆ ಇನ್ನಷ್ಟು ಭಯ, ಇನ್ನಷ್ಟು ಉಸಿರು. ಉಸಿರು ಅತಿಯಾದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಗೆ ಹೋಗಿ ರಕ್ತದಲ್ಲಿ ಓಡಾಡುವ ಕ್ಯಾಲ್ಸಿಯಂ ಲೆಕ್ಕ ಏರುಪೇರಾಗುತ್ತೆ. ತುಟಿ, ಬೆರಳು ಜೋಮು ಹಿಡಿಯುವುದು ಅದರಿಂದ.

"ಹಂಗಾದ್ರೆ ಇದು ಸುಳ್ಳಲ್ಲ" ಅಂದರು. ಅಲ್ಲ ಅಂದೆ. ಪೂರ್ತಿ ನಿಜ. ಹೃದಯದ ಕಾಯಿಲೆ ಅಲ್ಲ ಅಷ್ಟೆ. ಆಗಸ್ಟಿನಲ್ಲೇ ಹೇಳಬೇಕಾಗಿದ್ದ ಮಾತು ಇದು.

ಆತಂಕ ಮತ್ತು ಖಿನ್ನತೆ ಅಳೆಯುವ ಸರಳ ಪ್ರಶ್ನಾವಳಿಗಳಿವೆ, ಜಿಎಡಿ-7 ಮತ್ತು ಪಿಎಚ್‌ಕ್ಯೂ-9. ಹತ್ತು ನಿಮಿಷದ ಕೆಲಸ. ಮೊದಲನೆಯದರಲ್ಲಿ 21ಕ್ಕೆ 16 ಬಂತು, ತೀವ್ರ ಆತಂಕ. ಎರಡನೆಯದರಲ್ಲಿ 27ಕ್ಕೆ 12, ಮಧ್ಯಮ ಖಿನ್ನತೆ. ಅದರ ಕೊನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅಂತ ಎಷ್ಟೋ ವೈದ್ಯರೂ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಕೇಳಿದೆ. "ಸಾಯ್ಬೇಕು ಅಂತ ಇಲ್ಲ ಮೇಡಂ. ಆದ್ರೆ ಇನ್ಶೂರೆನ್ಸ್ ದುಡ್ಡು ಬಂದ್ರೆ ಸಾಲ ತೀರುತ್ತಾ ಅಂತ ಒಂದ್ಸಲ ಲೆಕ್ಕ ಹಾಕಿದ್ದೆ." ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಆ ಲೆಕ್ಕ ಇತ್ತು. ಇಷ್ಟು ದಿನ ಹೃದಯಾಘಾತಕ್ಕೆ ಹೆದರಿ ನಡುಗುತ್ತಿದ್ದ ಮನುಷ್ಯ ಇದನ್ನೂ ಬರೆದಿದ್ದರು. ಎರಡೂ ಒಟ್ಟಿಗೆ ಇರಬಹುದು ಅಂತ ನನಗೆ ಅವತ್ತೇ ಮನಸ್ಸಿಗೆ ನಾಟಿದ್ದು.

ಇನ್ನು ಇದು ನನ್ನೊಬ್ಬಳಿಂದ ಆಗುವ ಕೆಲಸ ಅಲ್ಲ ಅಂತ ತೀರ್ಮಾನಿಸಿದೆ. ಮನೋವೈದ್ಯರ ಹತ್ತಿರ ಹೋಗಬೇಕು ಅಂದೆ. ಹೊರಗೆ ಕೂತಿದ್ದ ತಾಯಿ ಒಳಗೆ ಬಂದು, "ಡಾಕ್ಟ್ರಮ್ಮ, ನನ್ನ ಮಗನ್ನ ಹುಚ್ಚಾಸ್ಪತ್ರೆಗೆ ಕಳಿಸ್ತೀರಾ?" ಅಂತ ಕಣ್ಣೀರು ಹಾಕಿದರು. ದೂರದ ಊರು, ದೊಡ್ಡ ಬೋರ್ಡು ಅಂದಿದ್ದರೆ ಅವರು ಹೋಗುತ್ತಿರಲಿಲ್ಲ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ಅದೇ ಕಟ್ಟಡ, ಅದೇ ಒಪಿಡಿ ಚೀಟಿ, ಮಾತ್ರೆಯೂ ಅಲ್ಲೇ. ಹಳ್ಳಿಯವರಿಗೆ ಹತ್ತಿರದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದರು. 1996ರಿಂದ ಅದೇ ಮಾದರಿ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು. ಆದರೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನೋಡಿದರೆ, ಆತಂಕ ಖಿನ್ನತೆಯಂಥ ಸಾಮಾನ್ಯ ಕಾಯಿಲೆ ಇರುವ ನೂರು ಜನರಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಚಿಕಿತ್ಸೆಯೇ ಇಲ್ಲದೆ ಇದ್ದರು. ಆ ಎಂಬತ್ತರಲ್ಲಿ ಎಷ್ಟು ಮಂದಿ ಗ್ಯಾಸಿನ ಮಾತ್ರೆ ನುಂಗುತ್ತಿದ್ದಾರೋ ಅಂತ ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತೆ.

"ಇಸಿಜಿ ಮಾಡಿಸಿದ್ರಲ್ಲ, ಅದೇ ಆಸ್ಪತ್ರೆ ಅಮ್ಮ" ಅಂದೆ. ತಾಯಿ ಒಪ್ಪಿದರು. ಮಂಗಳವಾರದವರೆಗೆ ಸಾರ್ಬಿಟ್ರೇಟ್, ನಿದ್ದೆ ಮಾತ್ರೆಯ ಪಟ್ಟಿ ಎರಡೂ ತಾಯಿಯ ಹತ್ತಿರ ಇರಲಿ, ಮಾತ್ರೆ ಒಮ್ಮೆಲೇ ನಿಲ್ಲಿಸಬೇಡಿ ಅಂದೆ. ರಾತ್ರಿ ಮನಸ್ಸು ಕೆಟ್ಟರೆ 14416ಕ್ಕೆ ಫೋನ್ ಮಾಡಿ ಅಂತ ಬರೆದುಕೊಟ್ಟೆ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ.

ಮನೋವೈದ್ಯರು ಪ್ಯಾನಿಕ್ ಡಿಸಾರ್ಡರ್, ಅಂದರೆ ಇದ್ದಕ್ಕಿದ್ದ ಹಾಗೆ ತೀವ್ರ ಭಯ ಮತ್ತೆ ಮತ್ತೆ ಬರುವ ಕಾಯಿಲೆ, ಜೊತೆಗೆ ಖಿನ್ನತೆ ಅಂದರು. ಆತಂಕ, ಖಿನ್ನತೆ ಎರಡಕ್ಕೂ ಕೊಡುವ ಎಸ್ಸಿಟಲೋಪ್ರಾಮ್ ಮಾತ್ರೆಯನ್ನು 5 ಮಿಲಿಗ್ರಾಂನಿಂದ ಶುರು ಮಾಡಿ ಆಮೇಲೆ 10 ಮಾಡಿದರು. ನಾನು ಶುರುಮಾಡಿದ್ದ ಅಲ್ಪ್ರಜೋಲಾಮ್ ಅನ್ನು ಎರಡು ತಿಂಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿದರು. ಹೊಸ ಮಾತ್ರೆ ಕೆಲಸ ಮಾಡುವುದಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಕೆಲವರಿಗೆ ಹೊಟ್ಟೆ ತೊಳಸಿ, ಗಾಬರಿ ಇನ್ನೂ ಜಾಸ್ತಿಯಾಗುತ್ತೆ. ಇದನ್ನು ಮೊದಲೇ ಹೇಳದಿದ್ದರೆ ಅರ್ಧ ಜನ ಅಲ್ಲೇ ಮಾತ್ರೆ ಬಿಟ್ಟುಬಿಡುತ್ತಾರೆ ಅನ್ನುವುದು ನನ್ನ ಅನುಭವ. ಆರನೇ ದಿನ ರಾತ್ರಿ ಹತ್ತಕ್ಕೆ ಮಂಜಣ್ಣನ ಫೋನ್ ಬಂತು. "ನೀವು ಹೇಳಿದ್ದು ಇದೇನಾ ಮೇಡಂ?" ಇದೇ ಅಂದೆ. ಬಿಡಲಿಲ್ಲ.

ಮಾತ್ರೆ ಮಾಡಿದಷ್ಟೇ ಕೆಲಸವನ್ನು ಜಿಲ್ಲಾ ಆಸ್ಪತ್ರೆಯ ಮನಶ್ಶಾಸ್ತ್ರಜ್ಞೆಯೂ ಮಾಡಿದರು. ಮಂಜಣ್ಣ ಅವರ ಹತ್ತಿರ ಆರು ಸಲ ಹೋದರು. ಆಕೆ ಸಮಾಧಾನ ಹೇಳಿ ಕಳಿಸಲಿಲ್ಲ, ಮೆಟ್ಟಿಲು ಹತ್ತಿಸಿದರು. ಎದೆ ಬೇಕಂತಲೇ ಡವಡವ ಅನ್ನುವ ಹಾಗೆ ಮಾಡಿ, ಅದು ತಾನಾಗಿಯೇ ಇಳಿಯುವುದನ್ನು ಕೂತು ನೋಡಿಸಿದರು. ಬಿಪಿ ನೋಡುವುದು ದಿನಕ್ಕೊಂದು ಸಲ, ಆಮೇಲೆ ವಾರಕ್ಕೊಂದು ಸಲ, ಆಮೇಲೆ ಮೆಷಿನ್ ಮನೆಯಲ್ಲೇ ಬೇಡ. ಮೆಷಿನ್ ನನ್ನ ಟೇಬಲ್ಲಿನ ಡ್ರಾಯರಿಗೆ ಬಂತು. ಕ್ಯಾನು ಮೊದಲು ಅರ್ಧ ತುಂಬಿದ್ದು ಎತ್ತಿದರು, ಹದಿನೈದು ದಿನಕ್ಕೆ ಪೂರ್ತಿದು.

ಸಾಲದ ವಿಷಯ ಹೆಂಡತಿಗೆ ಹೇಳುವುದಕ್ಕೆ ಮೂರು ವಾರ ಬೇಕಾಯಿತು. ಹೇಳಿದಾಗ ಅವರು ಅಳಲಿಲ್ಲ, ಬೈಯಲಿಲ್ಲ. "ಎಷ್ಟು?" ಅಂದರಂತೆ. ಮಾರನೇ ದಿನ ತಮ್ಮನ ಮನೆಗೆ ಹೋಗಿ ಕೂತರು. ಅವನು ಅರ್ಧ ಕಂತು ಕಟ್ಟಲು ಒಪ್ಪಿದ. ಕೈಸಾಲ ಇನ್ನೂ ಇದೆ. ಮಾತ್ರೆಗೆ ಸಾಲ ತೀರಿಸುವ ಶಕ್ತಿ ಇಲ್ಲ, ಆದರೆ ಸಾಲದ ಬಗ್ಗೆ ಬಾಯಿ ಬಿಡುವುದಕ್ಕೆ ಬೇಕಾದ ನಿದ್ದೆ ಕೊಟ್ಟಿತು.

ಜನವರಿಯಲ್ಲಿ ಒಂದು ಸಲ ಮತ್ತೆ ಬಂತು. ಹಾಸನದ ರಸ್ತೆಯಲ್ಲಿ, ಗೆಳೆಯನ ಉಸಿರು ನಿಂತ ಆ ತಿರುವಿನ ಹತ್ತಿರ. ಬೈಕ್ ಪಕ್ಕಕ್ಕೆ ಹಾಕಿ ಮೋರಿ ಕಟ್ಟೆಯ ಮೇಲೆ ಕೂತರು. ಹದಿನೈದು ನಿಮಿಷ. ಇಳಿಯಿತು. ಆಸ್ಪತ್ರೆಗೆ ಹೋಗಲಿಲ್ಲ, ವಾಪಸ್ಸೂ ಬರಲಿಲ್ಲ, ಮುಂದಕ್ಕೆ ಹೋದರು. ಅದೇ ವಾರ ಗೆಳೆಯನ ಮನೆಗೂ ಹೋದರು. ತಿಥಿ ಆದ ಮೇಲೆ ಆ ಮನೆಯ ಹೊಸಿಲು ತುಳಿದಿರಲಿಲ್ಲ. ಗೆಳೆಯನ ತಾಯಿಯ ಪಕ್ಕ ಕೂತು, ಆ ತಿರುವಿನ ವಿಷಯ ಹೇಳಿದರಂತೆ. ಅವರಿಬ್ಬರೂ ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ.

ಈ ಪ್ರಕರಣದಿಂದ ನಾನು ಬದಲಾಯಿಸಿಕೊಂಡದ್ದು ಕೆಲವು ಇವೆ. ಎದೆನೋವು ಅಂತ ಯಾರು ಬಂದರೂ ಮೊದಲು ಇಸಿಜಿ, ಬೇಕಾದ ಪರೀಕ್ಷೆ. ಅದರಲ್ಲಿ ರಾಜಿ ಇಲ್ಲ. ನೋಡದೇ ಟೆನ್ಷನ್ ಅಂದು ಕಳಿಸುವುದು ಇದಕ್ಕಿಂತ ದೊಡ್ಡ ತಪ್ಪು, ಹೆಂಗಸರ ವಿಷಯದಲ್ಲಿ ಅದು ಜಾಸ್ತಿ ನಡೆಯುತ್ತೆ. ಆದರೆ ಪರೀಕ್ಷೆ ನಾರ್ಮಲ್ ಬಂದ ಗಳಿಗೆಯಲ್ಲಿ ವೈದ್ಯರ ಕೆಲಸ ಮುಗಿಯುವುದಿಲ್ಲ. "ಏನೂ ಇಲ್ಲ" ಅನ್ನುವ ಎರಡು ಪದ ನನ್ನ ಬಾಯಿಂದ ಈಗ ಬರುವುದಿಲ್ಲ. "ಹೃದಯ ಚೆನ್ನಾಗಿದೆ, ನಿಮಗೆ ಆಗುತ್ತಿರುವುದು ನಿಜ, ಅದು ಯಾಕೆ ಅಂತ ನೋಡೋಣ" ಅನ್ನುತ್ತೇನೆ. ಎರಡನೇ ಸಲ ನಾರ್ಮಲ್ ಬಂದರೆ ಮೂರನೇ ಸ್ಕ್ಯಾನ್ ಬರೆಯುವ ಬದಲು ಆ ಎರಡು ಪ್ರಶ್ನಾವಳಿ ಕೊಡುತ್ತೇನೆ. ಇತ್ತೀಚೆಗೆ ಮನೆಯಲ್ಲಿ, ಊರಿನಲ್ಲಿ ಯಾರಾದರೂ ಹೋದರಾ ಅಂತ ಕೇಳುತ್ತೇನೆ. ನಿದ್ದೆ ಮಾತ್ರೆ ಬರೆದರೆ ಕೊನೆಯ ದಿನದ ತಾರೀಕು ಚೀಟಿಯಲ್ಲೇ ಬರೆಯುತ್ತೇನೆ, ಆ ದಿನ ಬಂದು ನೋಡಿಸಿಕೊಳ್ಳಿ ಅನ್ನುತ್ತೇನೆ. ನಮ್ಮ ಪೇಟೆಯ ಮೆಡಿಕಲ್ ಸ್ಟೋರಿನವರ ಜೊತೆ ಕೂತು ಹಳೇ ಚೀಟಿಗೆ ಈ ಮಾತ್ರೆ ಕೊಡಬೇಡಿ ಅಂತ ಕೇಳಿಕೊಂಡೆ. ಇಬ್ಬರು ಒಪ್ಪಿದ್ದಾರೆ.

ಮಂಜಣ್ಣನ ಮಾತ್ರೆ ಇನ್ನೂ ನಡೆಯುತ್ತಿದೆ. ಚೆನ್ನಾಗಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಬೇಕು ಅಂತ ಮನೋವೈದ್ಯರು ಹೇಳಿದ್ದಾರೆ, ಆಮೇಲೆ ಅವರೇ ನಿಧಾನವಾಗಿ ಇಳಿಸುತ್ತಾರೆ. ಹೋದ ವಾರ ಅವರ ಆತಂಕದ ಅಂಕ ನೋಡಿದೆ, ಐದು ಇತ್ತು. ಹೊರಡುವಾಗ ಬಾಗಿಲ ಹತ್ತಿರ ನಿಂತು, ಅಮ್ಮನಿಗೆ ಬಿಪಿ ಬಂದಿದೆ, ಮೆಷಿನ್ ವಾಪಸ್ ಕೊಡ್ತೀರಾ ಅಂತ ಕೇಳಿದರು. ನಾನು ಅವರ ಮುಖ ನೋಡಿದೆ.

"ವಾರಕ್ಕೊಂದ್ಸಲ. ಅಮ್ಮಂದು ಮಾತ್ರ" ಅಂದರು.

ಡ್ರಾಯರಿನಿಂದ ತೆಗೆದು, ಸೆಲ್ ಹಾಕಿ ಕೊಟ್ಟೆ.